ಹ್ಯಾಮಿಲ್ಟನ್ನಿನ ಹುಲ್ಲಿಗೆ ಒಂದು ಮುಚ್ಚಳ ಹೆಚ್ಚು

ಜೋರಾಪುರ ಪೇಟೆ: ಪೆಟ್ಟಿಗೆಯಲ್ಲಿ ಕುರಪಿ

ಕಬ್ಬಿಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವುದು ಬೇಡ ಎಂದುಕೊಂಡೇ ವಿಮಾನ ಹತ್ತಿದವಳು ನಾನು. ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮದು ಗೊಬ್ಬರ, ಔಷಧದ ಅಂಗಡಿ. ತಿಕೋಟಾ ಕಡೆಯ ದ್ರಾಕ್ಷಿಯವರು, ಬಬಲೇಶ್ವರ ಕಡೆಯ ನಿಂಬೆ, ದಾಳಿಂಬೆಯವರು ಎಲ್ಲರೂ ಬರುತ್ತಾರೆ. ನಮ್ಮ ನೆಲದಲ್ಲಿ ಸುಣ್ಣ ಹೆಚ್ಚು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಬಳ್ಳಿಗೆ ಕಬ್ಬಿಣ ಸಾಲುತ್ತಿಲ್ಲ ಎಂದೇ ಲೆಕ್ಕ. "ಗಂಗಕ್ಕಾರ, ಎಲಿ ಹಳದಿ ಆಗ್ಯಾವ ನೋಡ್ರಿ" ಎಂದು ಕಳ್ಳಕವಟಗಿ ಹಳ್ಳಿಯ ರೈತರು ಒಂದು ಎಲೆ ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟರೆ ಸಾಕು, ನಾನು ಕಬ್ಬಿಣದ ಔಷಧದ ಬಾಟಲಿ ಮುಂದಿಡುತ್ತೇನೆ. ಜೊತೆಗೆ ಒಂದು ಮಾತೂ ಪುಕ್ಕಟೆ: "ಬಾಟ್ಲಿ ಮ್ಯಾಲೆ ಬರದಿದ್ದಕ್ಕಿಂತ ಒಂದ್ ಮುಚ್ಚಳ ಜಾಸ್ತಿ ಹಾಕ್ರಿ, ಏನೂ ಆಗೂದಿಲ್ಲ." ಈ ಒಂದು ಮುಚ್ಚಳವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಾನು ಹೊರಟಿದ್ದು ಕೆನಡಾಕ್ಕೆ, ನನ್ನ ತಂಗಿ ಸುಮಿತ್ರಾಳ ಮನೆಗೆ. ಅವಳ ಗಂಡ ಅಲ್ಲಿ ದೂರದ ಊರುಗಳಿಗೆ ಲಾರಿ ಓಡಿಸುತ್ತಾನೆ, ಅವಳು ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಅವರ ಮಗಳು ದೀಪಾ ಈಗ ಏಳು ತಿಂಗಳ ಬಸುರಿ. ಕುಬುಸ ಮಾಡಬೇಕು, ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕು. ಅದಕ್ಕೆ ತವರಿನವರು ಬೇಕು. ನಮ್ಮ ಅವ್ವ, ಅಪ್ಪ ಇಬ್ಬರೂ ಈಗಿಲ್ಲ. ಉಳಿದ ತವರು ಅಂದರೆ ನಾನೇ.

ಹೊರಡುವ ಮುಂಚೆ ಫೋನಿನಲ್ಲಿ ಸುಮಿತ್ರಾ, "ಅಕ್ಕಾ, ಅಂಗಳದ ತುಂಬ ಕಸ ಬೆಳದೈತಿ, ಹೆಂಗ ತಗೀಬೇಕೋ ತಿಳೀವಲ್ದು" ಎಂದಿದ್ದಳು. ಕಸ ಎಂದರೆ ನಮ್ಮ ಕಡೆ ಕಳೆ. ಅಷ್ಟೇ ಸಾಕಾಯಿತು. ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ, ಕಟಕ್ ಸಜ್ಜಿ ರೊಟ್ಟಿ, ಸೀರೆ, ಬಳೆಗಳ ಜೊತೆ ಕಳೆ ಕೀಳುವ ಒಂದು ಹೊಸ ಕುರಪಿಯನ್ನೂ ಪೆಟ್ಟಿಗೆಯ ತಳದಲ್ಲಿ ಟವೆಲ್ಲಿನಲ್ಲಿ ಸುತ್ತಿ ಇಟ್ಟೆ.

ಟೊರೊಂಟೊ: ನೆಲದ ಮೇಲೆ ಕುಕ್ಕರುಗಾಲು

ಟೊರೊಂಟೊ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನೇ ಆರಿಸಿ ತೆರೆಸಿದರು. ಕೈಗವಸು ಹಾಕಿದ ಎಳೆ ವಯಸ್ಸಿನ ಅಧಿಕಾರಿಣಿ ಟವೆಲ್ ಬಿಚ್ಚಿದಳು. ಬಾಗಿದ ಅಲಗಿನ ಕುರಪಿ ಫಳ್ಳನೆ ಹೊಳೆಯಿತು. ಅವಳ ಹುಬ್ಬು ಹಣೆಗೆ ಹೋಯಿತು. ಇದು ಏನು ಎಂದು ಕೇಳಿದಳು. ನನ್ನ ಇಂಗ್ಲಿಷು ಔಷಧದ ಬಾಟಲಿ ಓದುವಷ್ಟು ಉಂಟು, ಕುರಪಿಯನ್ನು ವಿವರಿಸುವಷ್ಟು ಇಲ್ಲ. ನಾನು ಸೀರೆ ಎತ್ತಿ ಕಟ್ಟಿ, ಆ ಫಳಫಳಿಸುವ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಸರಸರ ಕಳೆ ತೆಗೆದು ತೋರಿಸಿದೆ. ಹಿಂದಿನ ಸಾಲಿನವರೆಲ್ಲ ಕತ್ತು ಉದ್ದ ಮಾಡಿದರು. ಅವಳು ಅಲಗಿಗೆ ಮಣ್ಣು ಅಂಟಿದೆಯೋ ಎಂದು ಬೆರಳಾಡಿಸಿ ನೋಡಿದಳು. ಹೊಸ ಕುರಪಿ, ಮೇಲೆ ಕೊಬ್ಬರಿ ಎಣ್ಣೆ ಸವರಿದ್ದೆ. ಮಣ್ಣು ಎಲ್ಲಿಂದ ಬರಬೇಕು! ನಗುತ್ತ ಬಿಟ್ಟುಕೊಟ್ಟಳು. ನನ್ನ ಎದೆಯಲ್ಲಿ ಅಂಥ ಹುರುಪು, ಕೆನಡಾ ಗೆದ್ದೇಬಿಟ್ಟೆ ಅನ್ನಿಸಿತು.

ಹ್ಯಾಮಿಲ್ಟನ್, ಮೊದಲ ಬೆಳಗು: ದೇವರಿಗೆ ಕಸದ ಮಾಲೆ

ಸುಮಿತ್ರಾಳ ಮನೆ ಹ್ಯಾಮಿಲ್ಟನ್ ಎಂಬ ಊರಿನಲ್ಲಿ, ರಸ್ತೆಯ ಮೂಲೆಗೆ. ಮನೆಯ ಮುಂದೆಯೇ ದೊಡ್ಡ ಹುಲ್ಲಿನ ಅಂಗಳ, ಹುಲ್ಲಿನಿಂದ ಬಾಗಿಲಿಗೆ ಸಿಮೆಂಟಿನ ಹಾದಿ, ಮೂರು ಮೆಟ್ಟಿಲು. ಬೆಳಿಗ್ಗೆ ಎದ್ದು ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟೆ. ಯಪ್ಪಾ, ಏನು ಹೂವು ಅಂತೀರಿ! ಹುಲ್ಲಿನ ತುಂಬ ಪುಟ್ಟ ಸೇವಂತಿಗೆಯಂಥ ಹಳದಿ ಹೂವು. ನೀರು ಹಾಕದೆ, ಗೊಬ್ಬರ ಹಾಕದೆ ಇಷ್ಟು ಹೂ ಬಿಡುವ ನೆಲ ನಾನು ಕಂಡಿರಲಿಲ್ಲ.

ಸುಮಿತ್ರಾ ಬೆಳಗಿನ ಪಾಳಿಗೆ ಹೋಗಿಬಿಟ್ಟಿದ್ದಳು. ನಾನು ಸೆರಗಿನ ತುಂಬ ಹೂ ಬಿಡಿಸಿದೆ. ದಂಟು ಟೊಳ್ಳು, ಮುರಿದರೆ ಹಾಲು. ದಾರ ಪೋಣಿಸಿ ಮಾಲೆ ಮಾಡಿ ದೇವರ ಫೋಟೋಗಳಿಗೆಲ್ಲ ಹಾಕಿ, ಮಿಕ್ಕಿದ್ದನ್ನು ಬಾಗಿಲಿಗೆ ತೋರಣವಾಗಿ ಕಟ್ಟಿದೆ. ಮಧ್ಯಾಹ್ನ ಬಂದ ತಂಗಿ ಬಾಗಿಲಲ್ಲೇ ಬಾಯಿ ಮೇಲೆ ಕೈಯಿಟ್ಟು ನಿಂತಳು.

"ಅಕ್ಕಾ, ಅದ ಕಸ ಬೇ! ಅದನ್ನ ತಗ್ಯಾಕ ನಿನ್ನ ಕರಿಸೇನಿ, ನೀ ದೇವ್ರಿಗಿ ಏರಿಸಿ ಕುಂತಿ!"

ಹೆರಿಗೆಗೆ ತವರಿಗೆ ಬಂದಿದ್ದ ದೀಪಾ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ದೊಡ್ಡವ್ವ, ವಾಲ್ಟರ್ ಅಜ್ಜ ಈ ತೋರಣ ನೋಡಿದ್ರ ಎದಿ ಒಡಕೋತಾನ" ಎಂದಳು.

ವಾಲ್ಟರ್ ಪಕ್ಕದ ಮನೆಯವರು, ಬಸ್ಸು ಓಡಿಸಿ ನಿವೃತ್ತರಾದವರು. ಅವರ ಅಂಗಳದಲ್ಲಿ ಹುಲ್ಲು ಬಿಟ್ಟರೆ ಇನ್ನೊಂದು ಜೀವ ಇಲ್ಲ. ನಮ್ಮ ಹಳದಿ ಹೂವು ಕೆಲವೇ ದಿನದಲ್ಲಿ ಬಿಳಿ ಹತ್ತಿಯಾಗಿ, ಗಾಳಿಗೆ ಹಾರಿ, ನೇರ ಅವರ ಹುಲ್ಲಿಗೆ ಇಳಿಯುತ್ತದಂತೆ. ನಮ್ಮ ಪೇಟೆಯಲ್ಲಿ ಒಬ್ಬರ ಮೋರಿ ನೀರು ಇನ್ನೊಬ್ಬರ ಬಾಗಿಲಿಗೆ ಹರಿದರೆ ಓಣಿಯ ಎರಡೂ ತುದಿಗೆ ಕೇಳಿಸಬೇಕು, ಹಾಗೆ ಜಗಳ. ಇಲ್ಲಿ ಜಗಳವೇ ಇಲ್ಲ. ವಾಲ್ಟರ್ ದಿನಾ ಬಂದು "ಇವತ್ತು ಬಿಸಿಲು ಚೆನ್ನಾಗಿದೆ" ಎನ್ನುತ್ತಾರೆ, ಒಂದು ಸಲ ನಮ್ಮ ಹೂವಿನ ಕಡೆ ನೋಡುತ್ತಾರೆ, ಹೋಗುತ್ತಾರೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಸುಮಿತ್ರಾ ಹೇಳಿದಳು.

ಸಂಜೆ ಚಹಾ ಕುಡಿಯುತ್ತ ನಾನು ಕೇಳಿದೆ, "ಅಲ್ಲಲೇ ಸುಮ್ಮಿ, ಕಾರ್ಯಕ್ಕ ಒಂದ ಬಾಡಿಗಿ ಹಾಲ್ ಹಿಡದ ಬಿಟ್ರ ಆಗೂದಿಲ್ಲೇನ? ಈ ಹುಲ್ಲಿನ ತ್ರಾಸ ಯಾಕ?"

ಅವಳು ಕಪ್ಪನ್ನು ಕೆಳಗಿಟ್ಟಳು. "ದೀಪಾ ನನ್ನ ಹೊಟ್ಟ್ಯಾಗ ಇದ್ದಾಗ ನನಗ ಕುಬುಸ ಆಗಲಿಲ್ಲಕ್ಕಾ. ಆಗ ಅವ್ವಗ ಆರಾಮ ಇದ್ದಿದ್ದಿಲ್ಲ, ನಿಮಗ ಯಾರಿಗೂ ಬರಾಕ ಆಗಲಿಲ್ಲ. ಬಾಡಿಗಿ ಖೋಲಿ, ಹೊರಗ ಬರ್ಫ. ನಾನ ಒಂದ ಹಸರ ಸೀರಿ ಉಟ್ಕೊಂಡ ಕನ್ನಡಿ ಮುಂದ ನಿಂತಿದ್ನಿ. ಈಗ ನನ್ನ ಸ್ವಂತ ಮನಿ ಐತಿ, ಸ್ವಂತ ಅಂಗಳ ಐತಿ. ಅದರಾಗ ಮಂದಿನ ನೆಲದ ಮ್ಯಾಲೆ ಪಂಗ್ತಿ ಕುಂದ್ರಿಸಿ, ನನ್ನ ಮಗಳ ಉಡಿ ತುಂಬಿ ಉಣಸಬೇಕು. ಅಷ್ಟ ನನ್ನ ಆಸೆ."

ಅಷ್ಟು ಹೇಳಿದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಕಾರ್ಯ ಮುಂದಿನ ವಾರದ ಭಾನುವಾರಕ್ಕೆ. ಅಂಗಳ ನನ್ನ ಜವಾಬ್ದಾರಿ ಎಂದು ಎದೆ ತಟ್ಟಿಕೊಂಡೆ.

ಅದೇ ಅಂಗಳ: ಕುರಪಿ ಸೋತಿತು

ಮರುದಿನ ಸೀರೆ ಎತ್ತಿ ಕಟ್ಟಿ ಕುರಪಿ ಹಿಡಿದು ಕೂತೆ. ನಮ್ಮಲ್ಲಿ ಕಳೆ ಅಂದರೆ ಮೊದಲ ಹೆಸರು ಕರಿಕಿ, ಗರಿಕೆ ಹುಲ್ಲು. ದ್ರಾಕ್ಷಿ ಸಾಲಿನಲ್ಲಿ ಕರಿಕಿ ಹೊಕ್ಕರೆ ಹೆಣ್ಣಾಳು ದಿನಗಟ್ಟಲೆ ಕೂತು ಕೀಳಬೇಕು. ಅಂದರೆ ನಾವು ಜನ್ಮವಿಡೀ ಕಿತ್ತು ಬಿಸಾಡುವುದು ಹುಲ್ಲನ್ನು. ಈ ದೇಶದಲ್ಲಿ ಹುಲ್ಲನ್ನು ಉಳಿಸಲಿಕ್ಕೆ ಹೂವನ್ನು ಕೀಳುತ್ತಾರೆ! ಶನಿವಾರ ಬಂದರೆ ಓಣಿಯವರೆಲ್ಲ ಯಂತ್ರ ಹಿಡಿದು ಗುರ್ ಅಂತ ಹುಲ್ಲು ಕತ್ತರಿಸುತ್ತಾರೆ, ಚೀಲಕ್ಕೆ ತುಂಬಿ ರಸ್ತೆಗಿಡುತ್ತಾರೆ. ಒಂದು ಎಮ್ಮೆಯೂ ಇಲ್ಲ ತಿನ್ನಲಿಕ್ಕೆ.

ಆ ಹಳದಿ ಹೂವಿನ ಬೇರು ಮೂಲಂಗಿಯಂತೆ ಆಳಕ್ಕಿಳಿದಿತ್ತು. ಅರ್ಧಕ್ಕೆ ಮುರಿಯಿತು, ಮುರಿದದ್ದು ನೆಲದಲ್ಲೇ ಉಳಿಯಿತು. ಹೊತ್ತು ಮುಳುಗುವಾಗ ನೋಡಿದರೆ ಒಂದು ಮಂಚದಗಲ ಜಾಗ ತೆರವಾಗಿತ್ತು, ಅದೂ ಹೆಗ್ಗಣ ಕೆದರಿದ ಹಾಗೆ. ಹಾದು ಹೋಗುವವರೆಲ್ಲ ನಿಂತು ಕೈ ಬೀಸಿ ಹೊಗಳಿದರು. ಒಬ್ಬರಾದರೂ ಕೂತು ಒಂದು ಗಿಡ ಕೀಳಲಿಲ್ಲ.

"ಔಷಧ ಹೊಡದ ಮುಗಸೂನು ನಡಿ" ಎಂದೆ ನಾನು. ನನ್ನ ಕಸುಬೇ ಅದು. ಸುಮಿತ್ರಾ ತಲೆ ಅಲ್ಲಾಡಿಸಿದಳು. "ಇಲ್ಲಿ ಮನಿ ಅಂಗಳಕ್ಕ ಕಡಕ್ ಔಷಧ ಬಂದ್ ಮಾಡ್ಯಾರಕ್ಕಾ. ಬರೇ ಚಂದ ಕಾಣಲಿ ಅಂತ ಹೊಡಿಯಂಗಿಲ್ಲ."

ಆಗ ಬಂದರು ವಾಲ್ಟರ್, ಕೈಯಲ್ಲಿ ಒಂದು ಬಾಟಲಿ ಮತ್ತು ಸಣ್ಣ ಕೈಪಂಪು. ನಾನು ನೆಲ ಕೆದರುವುದನ್ನು ಬೆಳಗಿನಿಂದ ಕಿಟಕಿಯಲ್ಲಿ ನೋಡಿ ತಡೆಯಲಾರದೆ ಬಂದಿದ್ದರು. ಬಾಟಲಿಯ ಮೇಲಿನ ಹೆಸರು ಓದಿದೆ. ಐರನ್! ಕಬ್ಬಿಣ! ನನಗೆ ನಗು ತಡೆಯಲಾಗಲಿಲ್ಲ.

"ಸುಮ್ಮಿ, ಹೇಳ ಇವ್ರಿಗೆ. ಇದನ್ನ ನಾ ಸಾಯೂ ಬಳ್ಳಿ ಬದುಕಸಾಕ ಮಾರತೇನಿ. ಇದರಲೆ ಕಸ ಸಾಯತೈತಂತ? ಇನ್ನಷ್ಟ ಮೈ ತುಂಬಕೊಂಡ ಬೆಳೀತೈತಿ!"

ತಂಗಿ ಇಂಗ್ಲಿಷಿನಲ್ಲಿ ಹೇಳಿದಳು. ವಾಲ್ಟರ್ ಸಾವಕಾಶ ವಿವರಿಸಿದರು, ಅವಳು ಕನ್ನಡಕ್ಕೆ ತಂದಳು. ಅಗಲ ಎಲೆಯ ಕಸ ಈ ಕಬ್ಬಿಣವನ್ನು ಎಲೆಯಿಂದಲೇ ಅಳತೆ ಮೀರಿ ಕುಡಿದು ಕರಕಲಾಗುತ್ತದೆ. ಹುಲ್ಲಿನ ಎಲೆ ಸಪೂರ, ಅದು ಕಡಿಮೆ ಕುಡಿಯುತ್ತದೆ, ಬದುಕುತ್ತದೆ. ಮಳೆ ಇಲ್ಲದ ದಿನ ಹೊಡೆಯಬೇಕು, ಕಸದ ಎಲೆಗಳ ಮೇಲೆ ಮಾತ್ರ. ಸಿಮೆಂಟಿನ ಮೇಲೆ ಬಿದ್ದರೆ ಕೂಡಲೇ ತೊಳೆಯಬೇಕು, ಇಲ್ಲದಿದ್ದರೆ ತುಕ್ಕಿನ ಕಲೆ. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಒಳಗೊಳಗೆ ಒಂದನ್ನೂ ನಂಬಲಿಲ್ಲ.

ಮಳೆಯಿಲ್ಲದ ಗುರುವಾರ: ಕಬ್ಬಿಣದ ದಿನ

ಗುರುವಾರ ಆಕಾಶ ತಿಳಿಯಾಗಿತ್ತು. ಸುಮಿತ್ರಾ ಕೆಲಸಕ್ಕೆ, ದೀಪಾ ಡಾಕ್ಟರ ಬಳಿಗೆ ಹೋದರು. ವಾಲ್ಟರ್ ತಮ್ಮ ದೊಡ್ಡ ಪಂಪನ್ನೇ ಕೊಟ್ಟಿದ್ದರು. ನಾನು ಮೊದಲು ಮಾಡಿದ ಕೆಲಸ ಅಂದರೆ ಚಪ್ಪಲಿ ಬಿಟ್ಟದ್ದು. ನಮ್ಮಲ್ಲಿ ರಾಶಿ ಮಾಡುವ ಕಣಕ್ಕೆ ಚಪ್ಪಲಿ ಹಾಕಿ ಕಾಲಿಡುವುದಿಲ್ಲ. ಇದು ಜನ ಕೂತು ಉಣ್ಣುವ ಜಾಗ, ಬಸುರಿಯ ಉಡಿ ತುಂಬುವ ಜಾಗ, ಕಣಕ್ಕಿಂತ ಕಡಿಮೆಯೇ?

ಬಾಟಲಿಯಲ್ಲಿ ಬರೆದಷ್ಟು ಔಷಧ ಅಳೆದು ನೀರಿಗೆ ಸುರಿದೆ. ಮುಚ್ಚಳ ಹಾಕಲಿಕ್ಕೆ ಹೋದವಳ ಕೈ ನಿಂತಿತು. ಕಸಕ್ಕೆ ಏನೂ ಆಗದಿದ್ದರೂ ಹುಲ್ಲಿಗಾದರೂ ಕಬ್ಬಿಣ ಸಿಗಲಿ, ದೀಪಾಳ ಸೀರೆಯ ಹಾಗೆ ಕಡು ಹಸಿರಾಗಲಿ! ಒಂದು ಮುಚ್ಚಳ ಹೆಚ್ಚು ಹಾಕಿದೆ. ಅಂಗಳ ದೊಡ್ಡದು ಎಂದು ಇನ್ನೊಂದು. ಕಸದ ಎಲೆ ನೋಡಿ ನೋಡಿ ಚುಕ್ಕೆ ಇಡುವ ಜಾಯಮಾನ ನನ್ನದಲ್ಲ. ದ್ರಾಕ್ಷಿಗೆ ಹೊಡೆಯುವ ಹಾಗೆ, ಎಲೆ ತುದಿಯಿಂದ ಹನಿ ತೊಟ್ಟಿಕ್ಕುವವರೆಗೆ, ಇಡೀ ಅಂಗಳಕ್ಕೆ ತೋಯಿಸಿ ಹೊಡೆದೆ. ಕಾಲಡಿ ತಣ್ಣಗೆ, ಮೇಲೆ ಹದ ಬಿಸಿಲು. ವಯಸ್ಸು ಇಪ್ಪತ್ತು ಇಳಿದ ಹಾಗಾಗಿ ಹಾಡು ಗುನುಗಿದೆ. ಕೆಲಸ ಮುಗಿಸಿ ಒದ್ದೆ ಕಾಲಲ್ಲೇ ಮೆಟ್ಟಿಲು ಹತ್ತಿ ಒಳಗೆ ಹೋಗಿ, ಬಚ್ಚಲಲ್ಲಿ ಕೈಕಾಲು ತೊಳೆದು, ಒಂದು ಹೋಳಿಗೆ ತಿಂದು ಮಲಗಿದೆ.

ಸಂಜೆ ಸುಮಿತ್ರಾಳ ಕೂಗಿಗೆ ಎಚ್ಚರವಾಯಿತು.

ಓಡಿ ಹೋಗಿ ನೋಡಿದೆ. ಹಳದಿ ಹೂವಿನ ಗಿಡಗಳೆಲ್ಲ ಕಾವಲಿಯ ಮೇಲೆ ಸೀದ ಮೆಂತ್ಯೆ ಸೊಪ್ಪಿನ ಹಾಗೆ ಕಪ್ಪಗೆ ಮುದುರಿ ಬಿದ್ದಿದ್ದವು. ಅಬ್ಬಾ, ಸತ್ತೇಬಿಟ್ಟಿವೆಯಲ್ಲ, ಅಜ್ಜ ಹೇಳಿದ್ದು ಖರೆ! ಒಂದು ಕ್ಷಣ ನನಗೆ ಕುಣಿಯಬೇಕು ಅನ್ನಿಸಿತು. ಮರುಕ್ಷಣ ಕಣ್ಣು ಹುಲ್ಲಿನ ಮೇಲೆ ಬಿತ್ತು. ಹುಲ್ಲೂ ಕಪ್ಪು. ಈ ತುದಿಯಿಂದ ಆ ತುದಿವರೆಗೆ ಇಡೀ ಅಂಗಳ ಬೆಂಕಿ ಬಿದ್ದ ಕಣದ ಹಾಗೆ ಕಪ್ಪಾಗಿತ್ತು.

ಸಾಲದ್ದಕ್ಕೆ ಸಿಮೆಂಟಿನ ಹಾದಿಯ ಮೇಲೆ, ಮೂರೂ ಮೆಟ್ಟಿಲ ಮೇಲೆ, ತುಕ್ಕಿನ ಬಣ್ಣದಲ್ಲಿ ಹೆಜ್ಜೆಗಳು. ಐದೈದು ಬೆರಳು, ಹಿಮ್ಮಡಿ, ಎಡಗಾಲ ಕಿರುಬೆರಳಿನ ಸೊಟ್ಟು ಸಹ ಎದ್ದು ಕಾಣುತ್ತಿತ್ತು. ಸುಮಿತ್ರಾ ಸೋಪು ಹಾಕಿ ತಿಕ್ಕಿದಳು. ತಿಕ್ಕಿದಷ್ಟೂ ಕೆಂಪಗೆ ಹೊಳೆದವು.

"ಏನ ಮಾಡಿಟ್ಟಿಯಕ್ಕಾ" ಎಂದಳು, ಬೈಯಲಿಲ್ಲ, ಮೆಟ್ಟಿಲ ಮೇಲೆ ಕೂತು ಅತ್ತಳು. "ಕಾರ್ಯ ಇಟಕೊಂಡ ಅಂಗಳ ಹಿಂಗ ಕರ್ರಗ ಆದ್ರ ಹೆಂಗ? ಬಾಡಿಗಿ ಹಾಲ್ ಹುಡುಕತೇನಿ ನಾಳೆ. ನನ್ನ ಹಣೇಬರದಾಗ ಇಷ್ಟ ಇತ್ತೇನೋ."

ಊರಿಗೆಲ್ಲ ಹಂಚಿದ ಒಂದು ಮುಚ್ಚಳ ನನ್ನ ತಂಗಿಯ ಅಂಗಳದಲ್ಲಿ ಬಂದು ಕೂತಿತ್ತು. ನಾನು ಹುಲ್ಲಿನಲ್ಲಿ ಮೊಣಕಾಲೂರಿದೆ. ದ್ರಾಕ್ಷಿ ಕಡ್ಡಿ ಒಣಗಿತೋ ಎಂದು ಅನುಮಾನ ಬಂದರೆ ನಾವು ಉಗುರಿನಿಂದ ತೊಗಟೆ ಕೆರೆದು ನೋಡುತ್ತೇವೆ, ಒಳಗೆ ಹಸಿರಿದ್ದರೆ ಜೀವ ಇದೆ. ಒಂದು ಹುಲ್ಲಿನ ಎಸಳು ಹಿಡಿದು ಬುಡದವರೆಗೆ ಸೀಳಿದೆ. ತುದಿ ಕಪ್ಪು, ನಡು ಕಪ್ಪು, ಬುಡ ಮಾತ್ರ ಎಳೆ ಹಸಿರು! ಇನ್ನೊಂದು ಸೀಳಿದೆ. ಹಸಿರು! ಮತ್ತೊಂದು. ಹಸಿರು!

"ಸುಮ್ಮೀ, ಏಳ ಏಳ! ಬುಡಕ ಜೀವ ಐತಿ ಬೇ! ಹುಲ್ಲ ಸತ್ತಿಲ್ಲ!"

ನನ್ನ ಕಿರುಚಾಟಕ್ಕೆ ವಾಲ್ಟರ್ ಓಡಿ ಬಂದರು. ಅಂಗಳ ನೋಡಿ ಟೊಪ್ಪಿಗೆ ತೆಗೆದು ಎದೆಗೆ ಹಿಡಿದರು, ನಮ್ಮಲ್ಲಿ ಹೆಣದ ಮುಂದೆ ನಿಂತ ಹಾಗೆ. ನಾನು ಸೀಳಿದ ಎಸಳನ್ನು ಅವರ ಮೂಗಿನ ಹತ್ತಿರ ಹಿಡಿದೆ. ಕನ್ನಡಕ ಏರಿಸಿ ನೋಡಿದರು, ತಲೆ ಆಡಿಸಿದರು. ನೀರು ಬಿಡಿ, ಹೊಸ ಎಲೆ ಬರುತ್ತದೆ, ಕಪ್ಪು ತುದಿ ಕತ್ತರಿಸೋಣ, ಕಾರ್ಯದ ಭಾನುವಾರದ ಹೊತ್ತಿಗೆ ಏನೋ ಒಂದು ಕಾಣುತ್ತದೆ ಎಂದರು. ಕಾಣದಿದ್ದರೆ ಏನು ಎಂದು ಸುಮಿತ್ರಾ ಕೇಳಿದಳು. ಅವರು ಟೊಪ್ಪಿಗೆ ಮತ್ತೆ ತಲೆಗಿಟ್ಟು ನೀರಿನ ಪೈಪು ತರಲು ಹೋದರು.

ಕಾಯುವ ವಾರ

ಆ ವಾರ ನಾನು ಕೆನಡಾದ ಬೇರೆ ಏನನ್ನೂ ನೋಡಲಿಲ್ಲ. ಜಲಪಾತ ಹತ್ತಿರವೇ ಇದೆ, ತೋರಿಸುತ್ತೇನೆ ಎಂದಳು ದೀಪಾ. ಜಲಪಾತ ಎಲ್ಲಿಗೂ ಓಡಿಹೋಗುವುದಿಲ್ಲ, ಹುಲ್ಲು ಬರಲಿ ಮೊದಲು ಎಂದೆ. ಬೆಳಿಗ್ಗೆ ಸಂಜೆ ಪೈಪು ಹಿಡಿದು ನೀರು ಬಿಟ್ಟೆ. ಶನಿವಾರ ಮಳೆ ಸುರಿಯಿತು. ನಮ್ಮಲ್ಲಿ ಮಳೆ ಬಂದರೆ ಹೊರಗೆ ನಿಂತು ಮುಖ ಒಡ್ಡುತ್ತೇವೆ, ಇಲ್ಲಿ ಎಲ್ಲರೂ ಕಿಟಕಿ ಮುಚ್ಚುತ್ತಾರೆ. ನಾನೊಬ್ಬಳೇ ಅಂಗಳದಲ್ಲಿ ನಿಂತು ಇನ್ನೂ ಬಾ ಎಂದು ಕೂಗಿದೆ.

ಮಂಗಳವಾರ ಬಗ್ಗಿ ನೋಡಿದರೆ ಕಪ್ಪು ಹುಲ್ಲಿನ ನಡುವೆ ಸೂಜಿಮೊನೆಯಂಥ ಹಸಿರು. ಬುಧವಾರ ಅದು ಬೆರಳಗಲ ಎತ್ತರ. ಶುಕ್ರವಾರ ವಾಲ್ಟರ್ ತಮ್ಮ ಯಂತ್ರ ತಂದು ಕಪ್ಪು ತುದಿಗಳನ್ನು ಒಂದೇ ಸಮ ಕತ್ತರಿಸಿದರು. ಯಂತ್ರ ಹೋದ ಹಿಂದೆ ಹಿಂದೆ ಹಸಿರು ಎದ್ದು ಬಂತು ನೋಡಿ! ಮೊದಲಿನ ತಿಳಿ ಹಸಿರಲ್ಲ. ಕಬ್ಬಿಣ ಕುಡಿದ ಹಸಿರು, ನಮ್ಮ ಹೊಲದ ಜೋಳ ಸಮಾ ಮಳೆ ಬಂದ ವರ್ಷ ತಾಳುವ ಬಣ್ಣ. ಸುಮಿತ್ರಾ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ಕುತ್ತಿಗೆಗೆ ಜೋತು ಬಿದ್ದಳು. ಒಂದು ಮೂಲೆ ಮಾತ್ರ ಕಡೆಯವರೆಗೂ ಕಪ್ಪಾಗಿಯೇ ಉಳಿಯಿತು. ಅಲ್ಲಿ ಭಜಿ ಕರಿಯುವ ಒಲೆ ಇಡಿಸಿದೆ.

ಭಾನುವಾರ: ಪಂಗ್ತಿ

ಕುಬುಸದ ದಿನ ಅಂಗಳದ ಅಂಚಿನಲ್ಲಿ ಎಲ್ಲರೂ ಪಾದರಕ್ಷೆ ಬಿಟ್ಟರು. ಸುಮಿತ್ರಾಳ ಆಸ್ಪತ್ರೆಯ ಗೆಳತಿಯರು, ದೀಪಾಳ ಅತ್ತೆ ಮನೆಯವರು, ಊರಲ್ಲಿರುವ ಕನ್ನಡದ ನಾಲ್ಕಾರು ಕುಟುಂಬ. ಹಸಿರು ಸೀರೆ ಉಟ್ಟು ದೀಪಾ ಹುಲ್ಲಿನ ಮೇಲೆ ಮಣೆಯಲ್ಲಿ ಕೂತಾಗ ಸೀರೆ ಯಾವುದು, ನೆಲ ಯಾವುದು ಎಂದು ಗೊತ್ತಾಗದಷ್ಟು ಒಂದೇ ಬಣ್ಣ. ನಾನು ಬಳೆ ತೊಡಿಸಿ ಉಡಿ ತುಂಬಿದೆ. ನನ್ನ ಪೆಟ್ಟಿಗೆಯಲ್ಲಿ ಇನ್ನೊಂದು ಹಸಿರು ಸೀರೆ ಇತ್ತು. ಅದನ್ನು ತೆಗೆದು ಸುಮಿತ್ರಾಳ ಉಡಿಗೂ ಹಾಕಿದೆ. "ಇದೇನ ಬೇ ನನಗ" ಎಂದಳು. "ನಿನ್ನ ಬಾಕಿ" ಎಂದೆ. ಎಲ್ಲರೆದುರು ಇಬ್ಬರೂ ಅತ್ತೆವು, ನಾಚಿಕೆಯೇನೂ ಆಗಲಿಲ್ಲ.

ಊಟಕ್ಕೆ ಎರಡು ಸಾಲು ಪಂಗ್ತಿ. ವಾಲ್ಟರ್ ಕೂಡ ಬೂಟು, ಕಾಲುಚೀಲ ಕಳಚಿ ಬಂದಿದ್ದರು. ಮೊಣಕಾಲು ಮಡಚಲಾಗದೆ ಸಾಲಿನ ಕೊನೆಗೆ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ಮಿರ್ಚಿ ಭಜಿ ಕಚ್ಚಿ ಕಣ್ಣು, ಮೂಗು ಒರೆಸಿಕೊಳ್ಳುತ್ತ ಇನ್ನೊಂದು ಕೇಳಿದರು. ರಸ್ತೆಯಲ್ಲಿ ಕಾರುಗಳು ನಿಧಾನ ಮಾಡಿ ನೋಡಿ ಹೋದವು. ನಾನು ಎಲ್ಲರಿಗೂ ಕೈ ಬೀಸಿದೆ.

ಮೆಟ್ಟಿಲು

ಮರಳುವ ದಿನ ಬಂತು. ಅಷ್ಟರಲ್ಲಿ ಅಂಗಳದ ಒಂದೆರಡು ಕಡೆ ಆ ಹಳದಿ ಹೂವಿನ ಹೊಸ ಚಿಗುರು ಇಣುಕಿತ್ತು. ಬೇರು ಆಳದಲ್ಲಿ ಬದುಕಿರುತ್ತದೆ, ಮತ್ತೊಮ್ಮೆ ಹೊಡೆಯಬೇಕು ಎಂದು ವಾಲ್ಟರ್ ಮೊದಲೇ ಹೇಳಿದ್ದರು. ಕುರಪಿಯನ್ನು ಅವರಿಗೇ ಕೊಟ್ಟುಬಂದೆ. ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದ್ದಾರಂತೆ.

ತುಕ್ಕು ತೆಗೆಯುವ ದ್ರಾವಣ ಕೊಟ್ಟವರೂ ಅವರೇ. ಸುಮಿತ್ರಾ ಸಿಮೆಂಟಿನ ಹಾದಿಯನ್ನೆಲ್ಲ ಅದರಿಂದ ತೊಳೆದು ಬೆಳ್ಳಗೆ ಮಾಡಿದ್ದಳು. ಪೆಟ್ಟಿಗೆ ಹೊರಗೆ ತರುವಾಗ ನೋಡಿದೆ, ಮೂರು ಮೆಟ್ಟಿಲ ಮೇಲೆ ಮಾತ್ರ ನನ್ನ ಹೆಜ್ಜೆಗಳು ಹಾಗೇ ಉಳಿದಿದ್ದವು. ನನಗೆ ರೇಗಿತು.

"ಎದ್ದ ಕಾಣೂವಲ್ಲೇ ಬಿಟ್ಟೀಯಲ್ಲಲೇ. ಬಂದ ಮಂದಿ ಏನಂದಾರು? ತಾ ಇಲ್ಲಿ ಆ ಬಾಟ್ಲಿ, ನಾನ ತಿಕ್ಕತೇನಿ."

ಸುಮಿತ್ರಾ ಬಾಟಲಿ ಕೊಡಲಿಲ್ಲ. ಬೆನ್ನ ಹಿಂದೆ ಹಿಡಿದುಕೊಂಡು ನಿಂತಳು, ಚಿಕ್ಕವಳಿದ್ದಾಗ ಪೇಡೆ ಬಚ್ಚಿಡುತ್ತಿದ್ದ ಹಾಗೆ.

"ಬ್ಯಾಡಕ್ಕಾ. ಈ ದೇಶಕ್ಕ ಬಂದ ಇಷ್ಟ ವರ್ಷ ಆತು, ತವರಮನಿ ಕಾಲ ನನ್ನ ಹೊಸ್ತಿಲಕ್ಕ ಬಿದ್ದಿದ್ದಿಲ್ಲ. ನೋಡ, ಬೆರಳೆಲ್ಲಾ ಒಳಗ ಮಾರಿ ಮಾಡ್ಯಾವ. ನೀ ಹ್ವಾದ ಮ್ಯಾಲೂ ದಿನಾ ಒಳಗ ಬರತಿರತಿ."

ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಆ ಹೆಜ್ಜೆಗಳ ಮೇಲೆ ಕಾಲಿಡದೆ, ಅಂಚಿನಿಂದ ಇಳಿದೆ.